ಅಳಬಹುದು, ಕೇಳಬಾರದು

ಆಗಷ್ಟೇ ಹದಿನೆಂಟು ತುಂಬಿದ ಹುಡುಗನೊಬ್ಬ ಸೈನ್ಯದ ಸಮವಸ್ತ್ರ ತೊಟ್ಟು ಬಸ್ಸಿಗೆ ಕಾಯುತ್ತಿದ್ದಾನೆ. ಹೊತ್ತು ಕಳೆಯಲು ಅಲ್ಲೇ ಇದ್ದ ಸಣ್ಣ ಹೋಟೆಲಿಗೆ ಹೋದರೆ, ಕೆಲಸಕ್ಕಿದ್ದ ಹುಡುಗಿ ಅವನನ್ನು ನೋಡಿ ನಗುತ್ತಾಳೆ. ತನಗೆ ಪತ್ರ ಬರೆಯಲು ಯಾರೂ ಇಲ್ಲ, ನಿನಗೆ ಬರೆಯಲೇ ಎಂದು ಕೇಳುತ್ತಾನೆ. ಪತ್ರಗಳು ಬರುತ್ತವೆ, ಮೊದಲು ತರಬೇತಿ ಶಿಬಿರದಿಂದ, ಆಮೇಲೆ ವಿಯೆಟ್ನಾಮಿನಿಂದ. ಒಂದು ಶುಕ್ರವಾರ ರಾತ್ರಿ ಊರಿನ ಫುಟ್‌ಬಾಲ್ ಪಂದ್ಯದಲ್ಲಿ ಯುದ್ಧದಲ್ಲಿ ಸತ್ತವರ ಹೆಸರು ಓದುತ್ತಾರೆ. ಅವನ ಹೆಸರು ಬಂದಾಗ ಅಳುವವಳು ಅವಳೊಬ್ಬಳೇ.

ಇದು ‘ಟ್ರಾವೆಲಿನ್ ಸೋಲ್ಜರ್’ ಹಾಡಿನ ಕಥೆ. ಬರೆದವರು ಬ್ರೂಸ್ ರಾಬಿಸನ್. ‘ಡಿಕ್ಸಿ ಚಿಕ್ಸ್’ ಎಂಬ ಮೂವರು ಹೆಣ್ಣುಮಕ್ಕಳ ತಂಡ 2002ರ ‘ಹೋಮ್’ ಆಲ್ಬಮ್ಮಿನಲ್ಲಿ ಇದನ್ನು ಹಾಡಿತು. 2003ರ ಮಾರ್ಚ್‌ನಲ್ಲಿ ಅಮೆರಿಕದ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ ಹಾಡು ಮೊದಲ ಸ್ಥಾನಕ್ಕೇರಿತು.

ಅದೇ ತಿಂಗಳ 10ರಂದು, ಇರಾಕ್ ಯುದ್ಧಕ್ಕೆ ಹತ್ತು ದಿನ ಮುಂಚೆ, ಲಂಡನ್ನಿನ ವೇದಿಕೆಯಲ್ಲಿ ಗಾಯಕಿ ನಟಾಲಿ ಮೇನ್ಸ್ ತಮಗೆ ಈ ಯುದ್ಧ ಬೇಡ ಎಂದರು. ಅಧ್ಯಕ್ಷ ಬುಷ್ ತಮ್ಮದೇ ಟೆಕ್ಸಸ್‌ನವರು ಎನ್ನುವುದಕ್ಕೆ ನಾಚಿಕೆಯಾಗುತ್ತದೆ ಎಂದೂ ಹೇಳಿದರು. ಸುದ್ದಿ ಸಮುದ್ರ ದಾಟಿ ಮನೆಗೆ ಬಂದದ್ದೇ ತಡ, ಎಷ್ಟೋ ಕಂಟ್ರಿ ರೇಡಿಯೋ ಕೇಂದ್ರಗಳು ತಂಡದ ಹಾಡುಗಳನ್ನು ನಿಲ್ಲಿಸಿದವು. ಲೂಸಿಯಾನಾದಲ್ಲಿ ಸಿಡಿಗಳ ಮೇಲೆ ಟ್ರ್ಯಾಕ್ಟರ್ ಹರಿಸಿದರು. ಮೇನ್ಸ್ ಅವರಿಗೆ ಕೊಲೆ ಬೆದರಿಕೆ ಬಂತು. ಸೈನಿಕನ ಹಾಡು ಕೆಲವೇ ವಾರಗಳಲ್ಲಿ ಪಟ್ಟಿಯಿಂದ ಮಾಯವಾಯಿತು.

ನನ್ನನ್ನು ಕಾಡುವುದು ಇಷ್ಟೇ. ಆ ಹಾಡಿಗೆ ಅತ್ತವರೇ ಹಾಡಿದವರ ಮೇಲೆ ಸಿಟ್ಟಾದರು. ಆದರೆ ಹಾಡೂ ಮಾತೂ ಹುಟ್ಟಿದ್ದು ಒಂದೇ ಸಂಕಟದಿಂದಲ್ಲವೇ? ಹಾಡು ಹುಡುಗ ಸತ್ತ ಮೇಲೆ ಅಳುತ್ತದೆ. ವೇದಿಕೆಯ ಮಾತು, ಒರಟಾಗಿಯೇ ಇರಲಿ, ಇನ್ನೂ ಬಸ್ಸು ಹತ್ತದ ಹುಡುಗರ ಬಗ್ಗೆ ಕೇಳುತ್ತದೆ. ಸತ್ತವನಿಗಾಗಿ ಅಳುವುದು ದೇಶಭಕ್ತಿ, ಸಾಯುವ ಮುಂಚೆ ಪ್ರಶ್ನೆ ಕೇಳುವುದು ದ್ರೋಹ ಎನ್ನುವುದಾದರೆ, ನಾವು ಪ್ರೀತಿಸುತ್ತಿರುವುದು ಸೈನಿಕನನ್ನೋ, ನಮ್ಮ ಕಣ್ಣೀರನ್ನೋ?

ಎದುರು ಮಾತೂ ಹಗುರವಾದದ್ದಲ್ಲ. ಅಂದು ಎಷ್ಟೋ ಮನೆಗಳಲ್ಲಿ ಮಗನೋ ಮಗಳೋ ಹೊರಟು ನಿಂತಿದ್ದರು. ಹೋಗುವುದು ನಿಶ್ಚಯವಾದ ಮೇಲೆ, ಹೋಗುವ ಕಾರಣವೇ ಸರಿಯಿಲ್ಲ ಎಂಬ ಮಾತನ್ನು ಯಾವ ತಾಯಿ ತಾಳಿಯಾಳು? ಅದೂ ಪರದೇಶದಲ್ಲಿ ನಿಂತು, ಚಪ್ಪಾಳೆಯ ನಡುವೆ ಆಡಿದ ಮಾತು. ಇಷ್ಟವಿಲ್ಲದಿದ್ದರೆ ರೇಡಿಯೋ ಆರಿಸುವ ಹಕ್ಕು ಯಾರಿಗಾದರೂ ಇದೆ. ಆದರೆ ಆರಿಸುವುದು ಬೇರೆ, ಇನ್ನೊಬ್ಬರ ಕಿವಿಗೂ ಬೀಳದಂತೆ ಮಾಡುವುದು ಬೇರೆ. ಕೊಲ್ಲುತ್ತೇನೆ ಎನ್ನುವುದಂತೂ ಹಕ್ಕೇ ಅಲ್ಲ.

ತೀರ್ಪು ಕೊಡುವುದು ಸುಲಭ. ನಾನೂ ಆ ಗುಂಪಿನವನೇ. ಬಾಲ್ಯದಿಂದ ಕೇಳಿಕೊಂಡು ಬಂದ ಗಾಯಕರೊಬ್ಬರು ಒಮ್ಮೆ ಸಂದರ್ಶನದಲ್ಲಿ ನನಗೆ ಸಹಿಸಲಾಗದ ಮಾತಾಡಿದರು. ಆ ರಾತ್ರಿಯೇ ಅವರ ಹಾಡುಗಳನ್ನೆಲ್ಲ ಫೋನಿನಿಂದ ಅಳಿಸಿದೆ. ಏನೋ ಒಳ್ಳೆಯ ಕೆಲಸ ಮಾಡಿದೆ ಎಂಬ ಸಮಾಧಾನದಲ್ಲಿ ಮಲಗಿದೆ. ಅವರು ಯಾಕೆ ಹಾಗೆ ಹೇಳಿದರು ಎಂದು ಸಂದರ್ಶನವನ್ನು ಪೂರ್ತಿ ಓದಲಿಲ್ಲ. ನನ್ನ ಅಭಿಪ್ರಾಯವನ್ನು ಅವರ ಕಂಠದಿಂದ ಕೇಳಬೇಕಿತ್ತು. ಸಿಗದಿದ್ದಾಗ ಕಂಠವನ್ನೇ ಬಿಸಾಡಿದೆ.

ಡಿಕ್ಸಿ ಚಿಕ್ಸ್ 2006ರಲ್ಲಿ ತಮ್ಮ ಸಿಟ್ಟನ್ನೇ ಹಾಡಾಗಿಸಿ, ಮರುವರ್ಷ ಗ್ರ್ಯಾಮಿ ಪ್ರಶಸ್ತಿಗಳನ್ನು ಪಡೆದರು. ಪ್ರಶಸ್ತಿ ಬಂದಿರದಿದ್ದರೂ ಪ್ರಶ್ನೆ ಉಳಿಯುತ್ತಿತ್ತು. ಹೋಟೆಲಿನ ಆ ಹುಡುಗಿ ಬಸ್ಸು ಬರುವ ಮುಂಚೆ, ‘ನೀನು ಯಾಕೆ ಹೋಗಬೇಕು?’ ಎಂದು ಗಟ್ಟಿಯಾಗಿ ಕೇಳಿಬಿಟ್ಟಿದ್ದರೆ, ಅವಳ ಹಾಡನ್ನು ನಾವು ಕೇಳುತ್ತಿದ್ದೆವೇ?

ನಿನ್ನೆ ಆ ಹಳೆಯ ಸಂದರ್ಶನವನ್ನು ಹುಡುಕಿ ಪೂರ್ತಿ ಓದಿದೆ. ಈಗಲೂ ಒಪ್ಪಿಗೆಯಾಗಲಿಲ್ಲ. ಹಾಡುಗಳನ್ನು ಮಾತ್ರ ಮತ್ತೆ ಫೋನಿಗೆ ಇಳಿಸಿಕೊಂಡಿದ್ದೇನೆ.