ಎರಡು ಕಾರ್ಡುಗಳು, ಒಂದು ಪ್ರಶ್ನೆ



ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಅನೇಕ ಮನೆಗಳಲ್ಲಿ ಇಂದು ಎರಡು ಬಗೆಯ ಸಾಲದ ಕಾರ್ಡುಗಳಿವೆ. ತಂದೆಯ ಹೆಸರಿನಲ್ಲಿ ಗ್ರಾಮೀಣ ಬ್ಯಾಂಕು ಕೊಟ್ಟ ಕಿಸಾನ್ ಕ್ರೆಡಿಟ್ ಕಾರ್ಡು ಒಂದು. ಪಟ್ಟಣದಲ್ಲಿ ನೌಕರಿಯಲ್ಲಿರುವ ಮಗನಿಗೆ ಬಂದಿರುವ, ಅಂಗಡಿಯಲ್ಲಿ ಬಳಸುವ ಕ್ರೆಡಿಟ್ ಕಾರ್ಡು ಇನ್ನೊಂದು. ಇವುಗಳಲ್ಲಿ ಯಾವುದು ಒಳ್ಳೆಯದು? ಬ್ಯಾಂಕಿನ ಮೇಜಿನ ಮುಂದೆ ಇದಕ್ಕೆ ಉತ್ತರ ಸುಲಭ: ಮಿತಿ ಎಷ್ಟು, ಬಡ್ಡಿ ಎಷ್ಟು, ವರ್ಷದ ಶುಲ್ಕ ಎಷ್ಟು ಎಂದು ನೋಡಿದರಾಯಿತು. ಆದರೆ 'ಒಳ್ಳೆಯದು' ಎಂಬುದು ಲೆಕ್ಕದ ಮಾತಷ್ಟೇ ಅಲ್ಲ, ಆತ್ಮಸಾಕ್ಷಿಯ ಮಾತೂ ಹೌದು. ಆದುದರಿಂದ ಮೊದಲು ಲೆಕ್ಕ ನೋಡೋಣ. ಆಮೇಲೆ ಆತ್ಮಸಾಕ್ಷಿಯನ್ನು ಕೇಳೋಣ.

ಕಿಸಾನ್ ಕ್ರೆಡಿಟ್ ಕಾರ್ಡು ಆರಂಭವಾದದ್ದು 1998ರಲ್ಲಿ. ನಮ್ಮ ಕಡೆಯ ಹಿರಿಯರು ಮಲಪ್ರಭಾ ಗ್ರಾಮೀಣ ಬ್ಯಾಂಕ್ ಎಂದು ಕರೆಯುತ್ತಿದ್ದ ಬ್ಯಾಂಕು 2005ರಲ್ಲಿ ಇತರ ಬ್ಯಾಂಕುಗಳೊಡನೆ ಸೇರಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಆಯಿತು. 2025ರ ಮೇ 1ರಿಂದ ಅದೂ ಕರ್ನಾಟಕ ಗ್ರಾಮೀಣ ಬ್ಯಾಂಕಿನೊಳಗೆ ಸೇರಿಹೋಗಿದೆ. ಫಲಕ ಬದಲಾದರೂ ಕಾರ್ಡಿನ ಕ್ರಮ ಬದಲಾಗಿಲ್ಲ. 3 ಲಕ್ಷ ರೂಪಾಯಿವರೆಗಿನ ಬೆಳೆಸಾಲಕ್ಕೆ ವರ್ಷಕ್ಕೆ ನೂರಕ್ಕೆ 7ರ ಬಡ್ಡಿ. ವಾಯಿದೆಯೊಳಗೆ ತೀರಿಸಿದವರಿಗೆ ಅದರಲ್ಲಿ 3 ಬಿಟ್ಟುಕೊಡುತ್ತಾರೆ. ಉಳಿಯುವುದು 4 ಮಾತ್ರ. ಹೊಲದ ವಿಸ್ತೀರ್ಣ ಮತ್ತು ಬೆಳೆಯನ್ನು ನೋಡಿ ಮಿತಿ ಕಟ್ಟುತ್ತಾರೆ. ಬೆಳೆಗೆಂದು ಕಟ್ಟಿದ ಮೊತ್ತದ ಮೇಲೆ ನೂರಕ್ಕೆ 10ರಷ್ಟನ್ನು ಕೊಯ್ಲಿನ ನಂತರದ ಖರ್ಚಿಗೂ ಮನೆಯ ಅಗತ್ಯಗಳಿಗೂ ಸೇರಿಸುತ್ತಾರೆ. ರೈತನಿಗೂ ಒಂದು ಅಡುಗೆಮನೆ ಇದೆ ಎಂಬುದನ್ನು ಈ ಯೋಜನೆ ಮರೆತಿಲ್ಲ.

ಇನ್ನೊಂದು ಕಾರ್ಡು ಬೇರೆ ಬಗೆಯದು. ಬಿಲ್ಲನ್ನು ಪೂರ್ತಿ ತುಂಬಿದರೆ ಸುಮಾರು 45ರಿಂದ 50 ದಿನಗಳವರೆಗೆ ಬಡ್ಡಿ ಇಲ್ಲ. ಬಾಕಿ ಉಳಿಸಿದರೆ ಹಲವು ಬ್ಯಾಂಕುಗಳಲ್ಲಿ ತಿಂಗಳಿಗೆ ನೂರಕ್ಕೆ ಮೂರು, ಮೂರೂವರೆಯಂತೆ ಬಡ್ಡಿ. ಆ ಬಡ್ಡಿಯ ಮೇಲೆ ನೂರಕ್ಕೆ 18ರ ತೆರಿಗೆ. ನಗದು ತೆಗೆದರೆ ಅಂದಿನಿಂದಲೇ ಬಡ್ಡಿ.

50,000 ರೂಪಾಯಿಯ ಉದಾಹರಣೆ ತೆಗೆದುಕೊಳ್ಳಿ. ಕಿಸಾನ್ ಕಾರ್ಡಿನಲ್ಲಿ ವಾಯಿದೆಗೆ ಸರಿಯಾಗಿ ತೀರಿಸಿದರೆ ಇಡೀ ವರ್ಷದ ಬಡ್ಡಿ 2,000 ರೂಪಾಯಿ. ಇನ್ನೊಂದು ಕಾರ್ಡಿನಲ್ಲಿ ತಿಂಗಳಿಗೆ ಮೂರೂವರೆಯಂತೆ 1,750, ತೆರಿಗೆ ಸೇರಿ 2,065 ರೂಪಾಯಿ, ಒಂದೇ ತಿಂಗಳಿಗೆ! ಅಲ್ಲಿಯ ವರ್ಷ ಇಲ್ಲಿಯ ತಿಂಗಳಿಗೆ ಸಮವಾಯಿತು. 'ಕನಿಷ್ಠ ಪಾವತಿ' ಎಂದು ನೂರಕ್ಕೆ 5ರಂತೆ 2,500 ರೂಪಾಯಿ ತುಂಬಿದರೆ ಅಸಲಿಗೆ ಸಲ್ಲುವುದು 435 ರೂಪಾಯಿ ಮಾತ್ರ. ಕನಿಷ್ಠ ಮೊತ್ತವನ್ನೇ ತುಂಬುತ್ತ ಹೋದರೆ ಸಾಲ ತಿಂಗಳುಗಟ್ಟಲೆ, ವರ್ಷಗಟ್ಟಲೆ ಎಳೆಯುತ್ತದೆ ಎಂಬ ಎಚ್ಚರಿಕೆಯನ್ನು ಬಿಲ್ಲಿನ ಮೇಲೆ ಮುದ್ರಿಸಬೇಕೆಂದು 2022ರಲ್ಲಿ ರಿಸರ್ವ್ ಬ್ಯಾಂಕು ಆದೇಶಿಸಿದ್ದು ಇದಕ್ಕಾಗಿಯೇ.

ಇಷ್ಟರಿಂದಲೇ ಒಂದು ಕಾರ್ಡು ಪುಣ್ಯ, ಇನ್ನೊಂದು ಪಾಪ ಎಂದು ತೀರ್ಮಾನಿಸಬೇಡಿ. ರೈತನ ನಾಲ್ಕು ರೂಪಾಯಿ ಬಡ್ಡಿಯ ಹಿಂದೆ ಸರಕಾರದ ಹಣವಿದೆ. ಅದು ಬ್ಯಾಂಕಿನ ಔದಾರ್ಯವಲ್ಲ. ಮಧ್ಯರಾತ್ರಿ ಬೆಳಗಾವಿಯ ಆಸ್ಪತ್ರೆಯ ಬಾಗಿಲಲ್ಲಿ ಮುಂಗಡ ಕಟ್ಟಬೇಕಾದಾಗ ಮಗನ ಕಾರ್ಡು ಒಂದು ಜೀವವನ್ನೇ ಉಳಿಸಬಹುದು. ಬೆಳೆಗೆಂದು ಪಡೆದ ಕಿಸಾನ್ ಕಾರ್ಡಿನ ಹಣ ಮಗಳ ಮದುವೆಯ ಮಂಟಪಕ್ಕೆ ಹೋಗಿ, ರೈತ ಸುಸ್ತಿದಾರನಾಗುವುದೂ ಉಂಟು. ಹಾಗಾದರೆ ವ್ಯತ್ಯಾಸ ಎಲ್ಲಿದೆ?

ನನಗೆ ತೋರುವುದು ಹೀಗೆ. ಸಾಲ ಕೊಡುವವನ ಲಾಭ ಎಲ್ಲಿದೆ ಎಂದು ನೋಡಿ. ಕಿಸಾನ್ ಕಾರ್ಡು ಮಾತು ಉಳಿಸಿಕೊಂಡವನಿಗೆ ಬಹುಮಾನ ಕೊಡುತ್ತದೆ. ಇನ್ನೊಂದು ಕಾರ್ಡಿನ ವ್ಯವಹಾರದಲ್ಲಿ ಮಾತು ಉಳಿಸಿಕೊಳ್ಳಲಾಗದವನೇ ಹೆಚ್ಚು ಲಾಭ ತರುವ ಗ್ರಾಹಕ. ಒಂದರಲ್ಲಿ ನಿಮ್ಮ ಒಳಿತೂ ಕೊಡುವವನ ಒಳಿತೂ ಒಂದೇ ದಿಕ್ಕಿಗೆ ನಡೆಯುತ್ತವೆ. ಇನ್ನೊಂದರಲ್ಲಿ ನೀವು ಎಡವಿದಾಗ ಅವನ ಆದಾಯ ಏರುತ್ತದೆ.

ನಮ್ಮ ಊರುಗಳ ಸಂಘಗಳ ಫಲಕಗಳಲ್ಲಿ 'ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ' ಎಂದು ಬರೆದಿರುವುದನ್ನು ನೀವು ನೋಡಿದ್ದೀರಿ. ಪತ್ತು ಎಂದರೆ ಒಬ್ಬನ ಮಾತಿನ ಮೇಲಿಟ್ಟ ನಂಬಿಕೆ. 'ಕ್ರೆಡಿಟ್' ಎಂಬ ಮಾತಿನ ಬೇರೂ ಲತೀನಿನ 'ನಂಬುತ್ತೇನೆ' ಎಂಬ ಪದವೇ. ನಮ್ಮ ವಿಶ್ವಾಸಸಂಗ್ರಹ ಲತೀನಿನಲ್ಲಿ ಆರಂಭವಾಗುವುದು ಅದೇ ಪದದಿಂದ. ನಂಬಿಕೆಯಿಂದ ಕೊಟ್ಟದ್ದು ನಂಬಿಕೆಯನ್ನು ಬೆಳೆಸಬೇಕು. 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘದ ಹಿಂದೆ ಇದ್ದದ್ದು ಈ ಬಗೆಯ ನಂಬಿಕೆ.

ಧರ್ಮಸಭೆ ಈ ಪ್ರಶ್ನೆಯನ್ನು ಬಹುಕಾಲ ಚಿಂತಿಸಿದೆ. ಬಡವನ ಹೊದಿಕೆಯನ್ನು ಅಡವಿಟ್ಟುಕೊಂಡವನು ಸೂರ್ಯಾಸ್ತದೊಳಗೆ ಅದನ್ನು ಹಿಂದಿರುಗಿಸಬೇಕೆಂದು ಮೋಶೆಯ ಧರ್ಮಶಾಸ್ತ್ರ ವಿಧಿಸಿತು. ಅಡವು ಕೇಳಲು ಬಂದವನು ಮನೆಯೊಳಗೆ ನುಗ್ಗದೆ ಹೊರಗೆ ನಿಂತಿರಬೇಕೆಂದೂ ಹೇಳಿತು. 1462ರಲ್ಲಿ ಇಟಲಿಯ ಪೆರೂಜಾ ನಗರದಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳ ಪ್ರೇರಣೆಯಿಂದ ಬಡವರಿಗಾಗಿ ಅಡವುಸಾಲದ ನಿಧಿ ಸ್ಥಾಪನೆಯಾಯಿತು. ಅಂಥ ನಿಧಿಗಳು ತಮ್ಮ ಖರ್ಚಿಗೆ ಬೇಕಾದಷ್ಟು ಅಲ್ಪ ಬಡ್ಡಿ ಪಡೆಯುವುದನ್ನು 1515ರಲ್ಲಿ ಐದನೆಯ ಲ್ಯಾಟರನ್ ಮಹಾಸಭೆ ಒಪ್ಪಿತು. 1745ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟ್ ಜಗದ್ಗುರುಗಳು, ಸಾಲ ಕೊಟ್ಟ ಮಾತ್ರಕ್ಕೆ ಲಾಭ ಕೇಳುವುದು ತಪ್ಪು, ಆದರೆ ಕೊಡುವವನಿಗಾಗುವ ನಷ್ಟದಂಥ ನ್ಯಾಯವಾದ ಕಾರಣಗಳಿಗೆ ಪರಿಹಾರ ಪಡೆಯಬಹುದು ಎಂದು ಬೋಧಿಸಿದರು. ಕೊಡುವವನ ಶ್ರಮಕ್ಕೆ, ನಷ್ಟದ ಭಯಕ್ಕೆ ಬೆಲೆಯುಂಟು. ಪಡೆಯುವವನ ಸಂಕಟಕ್ಕೆ ಬೆಲೆ ಕಟ್ಟುವ ಹಕ್ಕು ಯಾರಿಗೂ ಇಲ್ಲ. ಆ ಬೋಧನೆಯಿಂದ ನಾನು ತಿಳಿದುಕೊಳ್ಳುವುದು ಇದನ್ನೇ.

ಕಾನೂನು ಇದನ್ನು ನಮಗಾಗಿ ಕಾಯುತ್ತದೆಯೇ? ವರ್ಷಕ್ಕೆ ನೂರಕ್ಕೆ 30ಕ್ಕಿಂತ ಹೆಚ್ಚು ಬಡ್ಡಿ ಅನುಚಿತ ಎಂದು ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದುಪಡಿಸಿತು. ಕಾನೂನು ಅನುಮತಿಸಿದ್ದೆಲ್ಲ ಮನಸ್ಸಾಕ್ಷಿಗೆ ಒಪ್ಪಿಗೆಯಾಗಬೇಕೆಂದಿಲ್ಲ. ಕಾವಲು ನಮ್ಮ ಮನೆಯಲ್ಲೇ ಆರಂಭವಾಗಬೇಕು.

ಈಗ ಒಂದು ಕಠಿಣ ಮಾತು. ತಿಂಗಳು ತಿಂಗಳೂ ಬಿಲ್ಲು ಪೂರ್ತಿ ತುಂಬುವವರೂ ನಮ್ಮಲ್ಲಿದ್ದಾರೆ. ಅವರಿಗೆ ಸಾಲವೂ ಇಲ್ಲ, ಬಡ್ಡಿಯೂ ಇಲ್ಲ; ಮೇಲಾಗಿ ಬಹುಮಾನದ ಅಂಕಗಳು ಬರುತ್ತವೆ. ತಪ್ಪೇನು ಎಂದು ಅವರು ಕೇಳಬಹುದು. ತಪ್ಪಿಲ್ಲ. ಆದರೆ ಬ್ಯಾಂಕಿನ ಆದಾಯದಲ್ಲಿ ಅಂಗಡಿಯವರು ಕೊಟ್ಟ ಶುಲ್ಕವೂ ಇದೆ, ಬಿಲ್ಲು ತುಂಬಲಾಗದವರ ಬಡ್ಡಿಯೂ ಇದೆ. ನಿಮಗೆ ಬಂದ ಉಡುಗೊರೆಯಲ್ಲಿ ಇನ್ನೊಂದು ಮನೆಯ ಕಣ್ಣೀರಿನ ಪಾಲು ಇರಬಹುದು. ಅದಕ್ಕಾಗಿ ಕಾರ್ಡನ್ನು ಹರಿದು ಎಸೆಯಿರಿ ಎನ್ನುವುದಿಲ್ಲ. ಆದರೆ ಗೆಳೆಯನನ್ನು ಪರಿಚಯಿಸಿದರೆ ಇನ್ನಷ್ಟು ಅಂಕ ಎಂಬ ಆಸೆಗೆ ಬಿದ್ದು, ಕೂಲಿಯ ಮೇಲೆ ಬದುಕುವ ನೆರೆಯವನಿಗೆ "ತಗೋಳೋ, ಪುಕ್ಕಟೆ ಐತಿ" ಎನ್ನುವ ಮೊದಲು ಅವನ ಮನೆಯ ಆದಾಯವನ್ನು ನೆನೆಯಿರಿ. ಅಲ್ಲಿಗೆ ನಿಮ್ಮ ಮುಗ್ಧತೆ ಮುಗಿಯುತ್ತದೆ.

ಮಾತು ಉಳಿಸಿಕೊಳ್ಳುವ ಹೊಣೆ ಸಾಲಗಾರನದೊಂದೇ ಅಲ್ಲ. ಕಬ್ಬು ಕೊಟ್ಟ 14 ದಿನಗಳಲ್ಲಿ ಕಾರ್ಖಾನೆ ಹಣ ಕೊಡಬೇಕು, ತಡವಾದರೆ ನೂರಕ್ಕೆ 15ರ ಬಡ್ಡಿ ಸೇರಿಸಬೇಕು ಎಂಬುದು 1966ರ ಕಬ್ಬು ನಿಯಂತ್ರಣ ಆದೇಶದ ನಿಯಮ. 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಬೆಲೆ ಕೇಳಿ ಕುಳಿತದ್ದನ್ನು ನಾಡೇ ಕಂಡಿತು. ಕಬ್ಬಿನ ಬಿಲ್ಲು ತಡವಾದರೆ ರೈತನ ವಾಯಿದೆ ತಪ್ಪುತ್ತದೆ, ಮೂರು ರೂಪಾಯಿಯ ರಿಯಾಯಿತಿ ಹೋಗುತ್ತದೆ, ಬಡ್ಡಿ ಏರುತ್ತದೆ. ಅಂಥವನನ್ನು ಮಾತು ತಪ್ಪಿದವನೆಂದು ಹಂಗಿಸುವುದು ಅನ್ಯಾಯ.

ಕೊನೆಯದಾಗಿ ನಿಮ್ಮ ಕುಟುಂಬಕ್ಕೆ ನಾಲ್ಕು ಮಾತು. ಯಾವ ಕಾರ್ಡಿಗೂ ಸಹಿ ಹಾಕುವ ಮೊದಲು ಗಂಡ ಹೆಂಡತಿ ಒಟ್ಟಿಗೆ ಕುಳಿತು ಕೇಳಿಕೊಳ್ಳಿ: ಈ ಸಾಲ ಯಾವ ಆದಾಯದಿಂದ, ಯಾವ ತಿಂಗಳಲ್ಲಿ ತೀರುತ್ತದೆ? ತೀರದಿದ್ದರೆ ಯಾರಿಗೆ ಲಾಭ? ಕೇಳದೆ ಬಂದ ಕಾರ್ಡು ನಿಯಮಕ್ಕೇ ವಿರುದ್ಧ. ಸಂಕೋಚವಿಲ್ಲದೆ ಬೇಡ ಎನ್ನಿ. ಬೇಡವಾದ ಕಾರ್ಡನ್ನು ಮುಚ್ಚಲು ಬರೆದುಕೊಟ್ಟರೆ, ಬಾಕಿ ಇಲ್ಲದಿದ್ದಲ್ಲಿ, ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು. ಈಗಾಗಲೇ ಬಾಕಿಯಲ್ಲಿ ಸಿಲುಕಿದವರು ಅದನ್ನು ಮನೆಯವರಿಂದ ಮುಚ್ಚಿಡಬೇಡಿ. ಮುಚ್ಚಿಟ್ಟ ಸಾಲ ಬಡ್ಡಿಗಿಂತ ಬೇಗ ಬೆಳೆಯುತ್ತದೆ.

ಪರಸ್ಪರ ಪ್ರೀತಿಯ ಋಣವೊಂದನ್ನು ಬಿಟ್ಟು ಬೇರಾವ ಋಣವೂ ಇರದಿರಲಿ ಎಂಬುದು ರೋಮನರಿಗೆ ಸಂತ ಪೌಲರು ಕೊಟ್ಟ ಬುದ್ಧಿಮಾತು. ಪ್ರೀತಿಯ ಋಣ ಎಷ್ಟು ತೀರಿಸಿದರೂ ಉಳಿಯುತ್ತದೆ. ಉಳಿದ ಸಾಲಗಳಿಗೆ ಒಂದು ವಾಯಿದೆ ಇರಲಿ, ಮತ್ತು ಆ ವಾಯಿದೆಯ ದಿನ ಮನೆಯವರೆಲ್ಲರಿಗೂ ತಿಳಿದಿರಲಿ.