ಕಾಲ್ಗುಣವೂ ಊರಬಾಯಿಯೂ

ತೆಂಗಿನ ಸೀಮೆಯವರಾದ ನಮಗೆ ಕಾಯಿಯ ಒಳಗುಟ್ಟನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಮನೆಗಳಲ್ಲಿ ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿ 8ರಿಂದ 12 ತಿಂಗಳು ಬಿಟ್ಟರೆ, ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಎಲ್ಲ ಕಾಯಿಯೂ ಹಾಗಾಗುವುದಿಲ್ಲ. ಬೀಳುವಾಗ ಬಿರುಕು ಬಿಟ್ಟದ್ದು, ಎಳಸಿನಲ್ಲಿ ಕೆಡವಿದ್ದು, ತೇವ ತಾಗಿದ್ದು ಒಳಗೇ ಕೊಳೆಯುತ್ತದೆ. ತಿಪಟೂರಿನ ಮಾರುಕಟ್ಟೆಯಲ್ಲಿ ಚೀಲ ಬಿಚ್ಚಿದಾಗ ಕೆಟ್ಟ ಕೊಬ್ಬರಿ ಕಂಡರೆ ವರ್ತಕನು ಬೆಲೆ ಇಳಿಸುತ್ತಾನೆ, ಬೆಳೆಗಾರನು ಗೊಣಗುತ್ತಾನೆ. ಮನೆತನಕ್ಕೆ ಕೇಡು ಕಾದಿದೆಯೆಂದು ಇಬ್ಬರೂ ಹೇಳುವುದಿಲ್ಲ. ಅದೇ ಬೆಳೆಗಾರನು ದೇವರ ಮುಂದೆ ಒಡೆದ ಕಾಯಿ ಕೆಟ್ಟಿತೆಂದರೆ ಮುಖ ಬಾಡಿಸಿಕೊಂಡು ಮನೆಗೆ ಮರಳುತ್ತಾನೆ. ಹಳ್ಳಿಯ ಜನರ ಅಜ್ಞಾನವೆಂದು ಇದನ್ನು ತಳ್ಳಿಹಾಕುವ ಅಧಿಕಾರ ನಮಗಿಲ್ಲ. ನಾವೂ ಹಾಗೆಯೇ ಮರಳಿದವರು.

ಕೆಲವು ವರ್ಷಗಳ ಹಿಂದೆ ಅರಳಗುಪ್ಪೆಯ ಸುತ್ತಿನ ಒಂದು ಮನೆಯಲ್ಲಿ ವಿವಾಹವಾಯಿತು. ಮನೆ ತುಂಬಿಸಿಕೊಳ್ಳುವ ದಿನ ಒಡೆದ ಕಾಯಿ ಕೆಟ್ಟಿತ್ತು. ಬಂದ ಸೊಸೆಯದು ಮೂಲಾ ನಕ್ಷತ್ರ. ತಿಂಗಳು ತುಂಬುವ ಮೊದಲೇ ಮನೆಯ ಯಜಮಾನರು ತೀರಿಕೊಂಡರು. ಈ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಲು ಊರಬಾಯಿಗೆ ಎಷ್ಟು ಹೊತ್ತು ಬೇಕು? ಹನ್ನೆರಡನೆಯ ದಿನದ ಊಟ ಮುಗಿಯುವಷ್ಟರಲ್ಲಿ ‘ಅವಳ ಕಾಲ್ಗುಣ’ ಎಂಬ ಮಾತು ಸಿದ್ಧವಾಗಿತ್ತು. ಆ ಯಜಮಾನರು ಎರಡು ವರ್ಷಗಳಿಂದ ಹೃದ್ರೋಗಕ್ಕೆ ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆಯುತ್ತಿದ್ದರೆಂಬುದು ಆ ಊಟಕ್ಕೆ ಕುಳಿತವರೆಲ್ಲರಿಗೂ ತಿಳಿದಿತ್ತು. ನಮಗೂ ತಿಳಿದಿತ್ತು.

ಇಷ್ಟಾದ ಮೇಲೆ ಒಂದು ದಿನ, ಆ ಸೊಸೆಯ ತಂಗಿಯನ್ನು ತಮ್ಮ ಮಗನಿಗೆ ತರಬೇಕೆಂದಿದ್ದ ಗೃಹಸ್ಥರೊಬ್ಬರು ನಮ್ಮಲ್ಲಿಗೆ ಬಂದು, “ರಾಯರೇ, ತಮಗೆ ಆ ಮನೆತನ ಗೊತ್ತು. ಹುಡುಗಿ ಹೇಗೆ?” ಎಂದು ವಿಚಾರಿಸಿದರು. “ಹುಡುಗಿ ಬಂಗಾರದಂಥವಳು. ಆದರೆ ಅವಳ ಅಕ್ಕನ ವಿಷಯ ತಮ್ಮ ಕಿವಿಗೆ ಬಿದ್ದಿರಬೇಕಲ್ಲ” ಎಂದೆವು. ಇಷ್ಟೇ ಆಡಿದ್ದು. ಇದರಲ್ಲಿ ಸುಳ್ಳೆಂದು ಎತ್ತಿ ತೋರಿಸಬಹುದಾದ ಮಾತು ಒಂದೂ ಇಲ್ಲ. ಸಂಬಂಧ ಮುರಿಯಿತು.

ಆ ‘ಆದರೆ’ ಎಂಬ ಪದವನ್ನು ಕುರಿತು ಬಹಳ ದಿನ ಯೋಚಿಸಿದ್ದೇವೆ. ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರು ಪ್ರಮಾಣಗಳನ್ನು ಶ್ರೀಮದಾಚಾರ್ಯರು ನಮಗೆ ತಿಳಿಸಿಕೊಟ್ಟಿದ್ದಾರೆ. ಕಾಲ್ಗುಣದ ಮಾತು ಇವುಗಳಲ್ಲಿ ಯಾವುದು? ಸೊಸೆಯ ಕಾಲಿನಿಂದ ಮಾವನ ಎದೆಗೆ ಏನೋ ಹರಿದುದನ್ನು ಕಂಡವರಿಲ್ಲ, ಆದ್ದರಿಂದ ಪ್ರತ್ಯಕ್ಷವಲ್ಲ. ಹಿಂದೆ ಬಂದದ್ದು ಮುಂದೆ ಆದದ್ದಕ್ಕೆ ಕಾರಣವೆಂದರೆ ವ್ಯಾಪ್ತಿಯಿಲ್ಲದ ಅನುಮಾನವಾಗುತ್ತದೆ. ಇನ್ನು ಶಬ್ದವೆಂದರೆ, ಪುರುಷನ ಮಾತು ಪ್ರಮಾಣವಾಗಬೇಕಾದರೆ ಆಡಿದವನು ಆಪ್ತನಾಗಿರಬೇಕು, ವಿಷಯವನ್ನು ತಾನೇ ಸರಿಯಾಗಿ ಅರಿತಿರಬೇಕು. ‘ಎಲ್ಲರೂ ಹೇಳುತ್ತಾರೆ’ ಎನ್ನುವ ಮಾತಿಗೆ ಆಡಿದವನೇ ಇಲ್ಲ. ಒಬ್ಬನನ್ನು ಹಿಡಿದು ಕೇಳಿದರೆ ಇನ್ನೊಬ್ಬನತ್ತ ಬೆರಳು ತೋರಿಸುತ್ತಾನೆ. ಆ ಬೆರಳುಗಳ ಸಾಲಿನಲ್ಲಿ ಒಂದು ನಮ್ಮದಾಗಿತ್ತು. ಜ್ಞಾನ ಸರಿಯೋ ಅಲ್ಲವೋ ಎಂಬುದನ್ನು ಕಡೆಗೆ ನಿರ್ಣಯಿಸುವುದು ಪ್ರತಿಯೊಬ್ಬನೊಳಗಿರುವ ಸಾಕ್ಷಿ ಎಂಬುದು ಸಿದ್ಧಾಂತ. ಅಂದು ನಮ್ಮ ಸಾಕ್ಷಿಯು ‘ನೀನು ಕಂಡೆಯಾ?’ ಎಂದು ಕೇಳದೆ ಇರಲಿಲ್ಲ. ಕೇಳಿಸಿಕೊಳ್ಳದೆ ಮುಂದಕ್ಕೆ ಹೋದವರು ನಾವು.

ಊರಬಾಯಿಯ ಲೆಕ್ಕ ಹೇಗೆ ನಡೆಯುತ್ತದೆ ಎಂಬುದಕ್ಕೆ ನಾಡೆಲ್ಲ ಬಲ್ಲ ಉದಾಹರಣೆ ಚಾಮರಾಜನಗರದ್ದು. ಅರಿಕುಠಾರವೆಂದಿದ್ದ ಆ ಊರಿಗೆ 1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ಹೆಸರಿಟ್ಟರು. ಪಿತೃಭಕ್ತಿಯಿಂದ ಹೆಸರು ಪಡೆದ ಇಂಥ ಊರಿನ ಮೇಲೆ, ಅಲ್ಲಿಗೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾನೆಂಬ ಅಪವಾದ ಬಂದಿತು. ಶ್ರೀ ದೇವರಾಜ ಅರಸು, ಶ್ರೀ ರಾಮಕೃಷ್ಣ ಹೆಗಡೆ, ಶ್ರೀ ಎಸ್. ಆರ್. ಬೊಮ್ಮಾಯಿ, ಶ್ರೀ ವೀರೇಂದ್ರ ಪಾಟೀಲ ಇವರ ಹೆಸರುಗಳನ್ನು ಜನರು ಬೆರಳು ಮಡಿಸಿ ಎಣಿಸುತ್ತಿದ್ದರು. ಪಕ್ಷ ಒಡೆದು ಶಾಸಕರು ಬಿಟ್ಟುಹೋದದ್ದರಿಂದ 1980ರಲ್ಲಿ ಅರಸರೂ, ದೂರವಾಣಿ ಕದ್ದಾಲಿಕೆಯ ಆರೋಪದಿಂದ 1988ರಲ್ಲಿ ಹೆಗಡೆಯವರೂ ಸ್ಥಾನ ತೊರೆದರು. ಬೊಮ್ಮಾಯಿಯವರ ಸರ್ಕಾರ 1989ರಲ್ಲಿ ರಾಜ್ಯಪಾಲರ ವರದಿಯ ಮೇಲೆ ವಜಾ ಆಯಿತು. ಆ ವಜಾ ಸಲ್ಲದೆಂದು 1994ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಹೇಳಿತು. ಪಾಟೀಲರನ್ನು 1990ರಲ್ಲಿ ಅವರ ಪಕ್ಷದ ವರಿಷ್ಠರೇ ಇಳಿಸಿದರು. ಇವೆಲ್ಲ ವೃತ್ತಪತ್ರಿಕೆಗಳಲ್ಲಿ ಅಚ್ಚಾದ ಕಾರಣಗಳು. ಆದರೂ ಚಾಮರಾಜನಗರದ ಮಣ್ಣಿನ ಮೇಲೆಯೇ ದೋಷ!

ಇಲ್ಲೊಂದು ಸಣ್ಣ ಗಣಿತವಿದೆ. 1972ರಿಂದ 1977ರವರೆಗೆ ಆಳಿದ ಅರಸರ ತರುವಾಯ 2013ರವರೆಗೆ ಕರ್ನಾಟಕದ ಯಾವ ಮುಖ್ಯಮಂತ್ರಿಯೂ 5 ವರ್ಷಗಳ ಪೂರ್ಣ ಅವಧಿಯನ್ನು ಮುಗಿಸಲೇ ಇಲ್ಲ. ಹೀಗಿರುವಾಗ ಅವರು ಕಾಲಿಟ್ಟ ಯಾವ ಊರನ್ನು ಹಿಡಿದು ಲೆಕ್ಕ ಹಾಕಿದರೂ ಇದೇ ಫಲ ಬರುತ್ತಿತ್ತು. ನಮ್ಮ ತಿಪಟೂರೂ ಅಪಶಕುನದ ಊರಾಗುತ್ತಿತ್ತು. ಚಾಮರಾಜನಗರಕ್ಕೆ ಹೋಗದೆ ಅಧಿಕಾರ ಕಳೆದುಕೊಂಡವರನ್ನು ಯಾರೂ ಎಣಿಸಲಿಲ್ಲ. ಶ್ರೀ ಸಿದ್ದರಾಮಯ್ಯನವರು 2013ರಿಂದ ಆ ಊರಿಗೆ ಮತ್ತೆ ಮತ್ತೆ ಹೋಗಿಬಂದು, 2018ರವರೆಗೆ ಅವಧಿಯನ್ನು ಪೂರೈಸಿದರು. 2023ರಲ್ಲಿ ಮತ್ತೆ ಮುಖ್ಯಮಂತ್ರಿಯೂ ಆದರು. ಅಷ್ಟಾದರೂ ‘2018ರ ಚುನಾವಣೆಯಲ್ಲಿ ಸೋತರಲ್ಲ’ ಎನ್ನುವವರನ್ನು ನಾವೇ ಕೇಳಿದ್ದೇವೆ. ಹೊಂದಿದರೆ ಸಾಕ್ಷ್ಯ, ಹೊಂದದಿದ್ದರೆ ಸ್ವಲ್ಪ ತಡ. ಹೀಗೆಂದು ಕುಳಿತವನನ್ನು ಯಾವ ವಾದದಿಂದ ಗೆಲ್ಲುವುದು?

ಪಂಚಾಂಗ ನೋಡಿ ನಡೆಯುವ ನೀವು ಹೀಗೆನ್ನಬಹುದೇ ಎಂದು ಓದುಗರು ಕೇಳಬಹುದು. ಪ್ರಶ್ನೆ ನ್ಯಾಯವಾದುದು. ಏಕಾದಶಿ, ಸಂಕ್ರಮಣ, ಗ್ರಹಣಗಳನ್ನು ನಾವು ಆಚರಿಸುತ್ತೇವೆ. ಬಿಡುವ ಯೋಚನೆಯೂ ಇಲ್ಲ. ಆದರೆ ಗ್ರಹಣವು ಬರುವ ಗಳಿಗೆಯನ್ನು ಪಂಚಾಂಗವೇ ವರ್ಷದ ಮೊದಲಿಗೆ ಗಣಿತದಿಂದ ಬರೆದಿಡುತ್ತದೆ. ಹಾಗೆ ಬರೆದಿಡಬಹುದಾದುದು ಯಾರದೋ ಮನೆಯ ಮೇಲಿನ ಮುನಿಸಾಗಲಾರದು. ಆ ಹೊತ್ತಿನಲ್ಲಿ ಶಾಸ್ತ್ರವು ಸ್ನಾನ, ಜಪ, ದಾನಗಳನ್ನು ವಿಧಿಸಿತು. ನೀನು ಏನು ಮಾಡಬೇಕು ಎಂದು ಹೇಳಿತು. ಊರಬಾಯಿಯಾದರೋ ಯಾರನ್ನು ದೂರವಿಡಬೇಕು ಎಂದು ಹೇಳುತ್ತದೆ. 1962ರ ಫೆಬ್ರುವರಿ ಮೊದಲ ವಾರದಲ್ಲಿ ಮಕರ ರಾಶಿಯಲ್ಲಿ ಅಷ್ಟಗ್ರಹಗಳು ಕೂಡಿದಾಗ ಪ್ರಳಯವೇ ಬಂದಿತೆಂದು ದೇಶವೆಲ್ಲ ನಡುಗಿತು. ಮುಂದಿನ ವಾರ ಎಂದಿನಂತೆಯೇ ಬಂದಿತು. 1980ರ ಫೆಬ್ರುವರಿ 16ರಂದು ಉತ್ತರ ಕರ್ನಾಟಕದ ಮೇಲೆ ಪೂರ್ಣ ಸೂರ್ಯಗ್ರಹಣದ ನೆರಳು ಹಾದುಹೋಯಿತು. ಎಷ್ಟೋ ಊರುಗಳ ಬೀದಿಗಳು ಬರಿದಾಗಿದ್ದವು. 1990ರ ದಶಕದಲ್ಲಿ ದೆವ್ವವೊಂದು ಬಂಧುಗಳ ದನಿಯಲ್ಲಿ ಕೂಗುತ್ತದೆಂದು ಹೆದರಿ ಜನರು ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರು. ಆ ದೆವ್ವಕ್ಕೆ ಕನ್ನಡ ಓದಲು ಬರುತ್ತಿತ್ತೆಂಬುದೊಂದೇ ಸಮಾಧಾನ! ಇಂಥ ಭಯಗಳು ಎಲ್ಲರ ಮೇಲೂ ಸಮನಾಗಿ ಬಿದ್ದು ಎದ್ದುಹೋಗುತ್ತವೆ. ಒಬ್ಬ ಹೆಣ್ಣುಮಗಳ ಮೇಲೆ ಬಿದ್ದುದು ಏಳುವುದಿಲ್ಲ.

ಮೂಲಾ ನಕ್ಷತ್ರದ ವಿಷಯವನ್ನೇ ನೋಡಿರಿ. ನಕ್ಷತ್ರಗಳು 27, ಹಾಗಾದರೆ ಸರಿಸುಮಾರು 27 ಹೆಣ್ಣುಮಕ್ಕಳಲ್ಲಿ ಒಬ್ಬಳು ಮೂಲೆಯಲ್ಲಿ ಹುಟ್ಟಿದವಳು. ಜ್ಯೋತಿಷವನ್ನು ಬಲ್ಲವರು ಪಾದಭೇದವನ್ನು ಹೇಳುತ್ತಾರೆ, ಶಾಂತಿಯನ್ನು ಹೇಳುತ್ತಾರೆ. ಊರಬಾಯಿಯು ಪಾದವನ್ನೂ ಶಾಂತಿಯನ್ನೂ ಬಿಟ್ಟು ‘ಮಾವನಿಲ್ಲದ ಮನೆಗೆ ಕೊಡಿ’ ಎಂಬುದನ್ನು ಮಾತ್ರ ಉಳಿಸಿಕೊಂಡಿತು. ಆಶ್ವಯುಜ ಶುಕ್ಲಪಕ್ಷದಲ್ಲಿ ಇದೇ ಮೂಲಾ ನಕ್ಷತ್ರ ಬಂದ ದಿನ ನಾವು ಪುಸ್ತಕಗಳನ್ನು ಪೀಠದ ಮೇಲಿಟ್ಟು ಸರಸ್ವತೀದೇವಿಯನ್ನು ಆವಾಹನೆ ಮಾಡುತ್ತೇವೆ, ಶ್ರವಣದಲ್ಲಿ ಬೀಳ್ಕೊಡುತ್ತೇವೆ. ದೇವಿಯನ್ನು ಮನೆಗೆ ಕರೆಯಲು ಮೂಲೆ ಒಳ್ಳೆಯದು, ಸೊಸೆಯನ್ನು ಕರೆಯಲು ಕೆಟ್ಟದ್ದು! ಮೂಲೆಯ ಅಧಿದೇವತೆ ನಿರೃತಿ. ಅರಳಗುಪ್ಪೆಯ ಕಲ್ಲೇಶ್ವರ ಗುಡಿಗೆ ಹೋದವರು ಒಮ್ಮೆ ತಲೆಯೆತ್ತಿ ಛಾವಣಿಯನ್ನು ನೋಡಬೇಕು. ಒಂಬತ್ತನೆಯ ಶತಮಾನದ ಆ ಶಿಲ್ಪದಲ್ಲಿ ನರ್ತಿಸುವ ಶಿವನ ಸುತ್ತಲೂ ಅಷ್ಟದಿಕ್ಪಾಲಕರಿದ್ದಾರೆ. ಆ ಎಂಟರಲ್ಲಿ ಯಮನೂ ಒಬ್ಬ, ನಿರೃತಿಯೂ ಒಬ್ಬ. ಅವರನ್ನು ಹೊರಗಿಟ್ಟರೆ ದಿಕ್ಕುಗಳೇ ಪೂರ್ತಿಯಾಗವು ಎಂಬುದನ್ನು ಕಲ್ಲುಕುಟಿಗರು ಬಲ್ಲವರಾಗಿದ್ದರು. ಅದೇ ಊರಿನ ಚೆನ್ನಕೇಶವನ ಗುಡಿಯಲ್ಲಿ ಹೊನೋಜನ ಕೈಕೆಲಸವನ್ನು ನೋಡಲು ಹೋಗುವ ನಮ್ಮವರು ಈ ಛಾವಣಿಯನ್ನೂ ನೋಡದೆ ಬರಬಾರದು.

ನಮ್ಮ ಸಿದ್ಧಾಂತದಲ್ಲಿ ಸ್ವತಂತ್ರನು ಒಬ್ಬನೇ, ಶ್ರೀಹರಿ. ಗ್ರಹಗಳೂ ದಿಕ್ಪಾಲಕರೂ ಅವನ ಅಧೀನರು. ಹೀಗಿರುವಲ್ಲಿ ಹದಿನೆಂಟೋ ಇಪ್ಪತ್ತೋ ವಯಸ್ಸಿನ ಹುಡುಗಿಯ ಹೆಜ್ಜೆಗೆ ಒಬ್ಬರ ಆಯುಷ್ಯವನ್ನು ಕಡಿಯುವ ಶಕ್ತಿಯುಂಟು ಎನ್ನುವವನು, ಆ ಹೊತ್ತಿಗೆ, ಇನ್ನೊಂದು ಸ್ವತಂತ್ರ ತತ್ತ್ವವನ್ನು ಒಪ್ಪಿದಂತಾಯಿತು. ದಿನವೂ ಸಂಧ್ಯಾವಂದನೆ ಮಾಡಿ, ದ್ವಾದಶನಾಮಗಳನ್ನು ಧರಿಸಿ, ಸಂಜೆ ಜಗಲಿಯ ಮೇಲೆ ಕುಳಿತು ಇದನ್ನು ನಾವು ಒಪ್ಪುತ್ತೇವೆ. ಕೆಟ್ಟ ಗಳಿಗೆ ನಿಜವಾಗಿಯೂ ಬಂದಾಗ ಹಿರಿಯರು ಏನು ಮಾಡಿದರೆಂಬುದಕ್ಕೂ ನಮ್ಮಲ್ಲೊಂದು ಐತಿಹ್ಯವಿದೆ. ಕೃಷ್ಣದೇವರಾಯನಿಗೆ ಕುಹಯೋಗ ಒದಗಿದಾಗ ಶ್ರೀ ವ್ಯಾಸರಾಜರು ತಾವೇ ಸಿಂಹಾಸನವನ್ನೇರಿ ಆ ಗಳಿಗೆಯನ್ನು ಕಳೆದರೆಂದು ಸಂಪ್ರದಾಯ ಹೇಳುತ್ತದೆ. ಯಾರ ಕಾಲ್ಗುಣದಿಂದ ಇದು ಬಂತೆಂದು ಅವರು ಅರಮನೆಯಲ್ಲಿ ವಿಚಾರಿಸಿದರೆಂದು ಎಲ್ಲಿಯೂ ಕೇಳಿಲ್ಲ.

ನಮ್ಮ ವಿಷಯಕ್ಕೆ ಬರುವುದಾದರೆ, ಆ ಗೃಹಸ್ಥರ ಮನೆಗೆ ಒಂದು ದಿನ ಹೋಗಿ, ಅಂದು ನಾವು ಆಡಿದ ಮಾತು ನಾವು ಕಂಡದ್ದಲ್ಲ, ತಿಳಿದದ್ದೂ ಅಲ್ಲ, ಯಜಮಾನರ ಕಾಯಿಲೆ ನಮಗೆ ಮೊದಲೇ ತಿಳಿದಿತ್ತು ಎಂದು ಹೇಳಿದೆವು. ಅವರ ಮಗನಿಗೆ ಅಷ್ಟರಲ್ಲಿ ಬೇರೆ ಕಡೆ ನಿಶ್ಚಯವಾಗಿತ್ತು. “ಈಗ ಹೇಳಿ ಏನು ಫಲ, ರಾಯರೇ?” ಎಂದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಅಲ್ಲಿಂದ ಆ ಸೊಸೆಯ ಮನೆಗೂ ಹೋದೆವು. ಅವಳ ಅತ್ತೆ ಬಾಗಿಲಲ್ಲೇ ನಿಂತು ಮಾತನಾಡಿಸಿದರು. ಬರುವ ನವರಾತ್ರಿಯಲ್ಲಿ, ಮೂಲಾ ನಕ್ಷತ್ರದ ದಿನ, ಗುಡಿಯಲ್ಲಿ ಪುಸ್ತಕಗಳನ್ನು ಜೋಡಿಸಿ ರಂಗವಲ್ಲಿ ಹಾಕಲು ಅತ್ತೆ ಸೊಸೆ ಇಬ್ಬರೂ ಬರಬೇಕೆಂದು ಕೇಳಿಕೊಂಡೆವು. ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗೆ ತಿರುಗಿ, ಸೊಸೆಯ ಹೆಸರು ಹಿಡಿದು, “ಇವರಿಗೆ ಕುಡಿಯಲು ನೀರು ತಾರಮ್ಮ” ಎಂದರು.