ಮೇಯರರ ಕೀರ್ತಿ ಯಾರ ಸಂಪಾದನೆ?

ದಾವಣಗೆರೆಯ ಮೇಯರರು ನಗರಕ್ಕೆ ಮಾಡಿದ್ದೇನು, ಮುಂದೆ ಅವರಿಗೆ ವಿಧಾನಸಭೆಯ ಯೋಗವುಂಟೋ ಇಲ್ಲವೋ ಎಂಬ ಚರ್ಚೆ ಬಸವಾಪಟ್ಟಣದ ಜಗುಲಿಗಳ ಮೇಲೆಯೂ ನಡೆಯುವುದುಂಟು. ಅಲ್ಲಿ ಮತವಿಲ್ಲದವರಿಗೆ ಈ ಗೊಡವೆಯೇಕೆಂದರೆ, ಪೇಟೆಗೂ ಆಸ್ಪತ್ರೆಗೂ ಇಲ್ಲಿಯವರು ತುಳಿಯುವ ಬೀದಿ ಆ ನಗರದ್ದೇ. ಆದರೆ ಒಂದು ನಗರದ ಏಳುಬೀಳುಗಳನ್ನು ಒಬ್ಬರ ಲೆಕ್ಕಕ್ಕೆ ಬರೆಯುವುದು ನ್ಯಾಯವೇ ಎಂಬ ಪ್ರಶ್ನೆ ಜಗುಲಿಯಲ್ಲಿ ಏಳುವುದು ಅಪೂರ್ವ.

ತಾರ್ಕಿಕರು ಘಟಕ್ಕೆ ಕಾರಣವನ್ನು ಹೇಳುವಾಗ ಕುಂಬಾರ, ದಂಡ, ಚಕ್ರಗಳನ್ನು ಒಪ್ಪಿ, ಮಣ್ಣು ಹೊತ್ತು ತಂದ ಕತ್ತೆಯನ್ನು ಅನ್ಯಥಾಸಿದ್ಧವೆಂದು ಬಿಟ್ಟುಬಿಡುತ್ತಾರೆ. (ಕತ್ತೆಯ ಶ್ರಮವೇನೂ ಕಡಿಮೆಯದಲ್ಲ, ಪಾಪ!) ಮೇಯರರನ್ನು ಇವುಗಳಲ್ಲಿ ಯಾವ ಸಾಲಿಗೆ ಸೇರಿಸತಕ್ಕದ್ದು? 2007ರಲ್ಲಿ ದಾವಣಗೆರೆಯ ನಗರಸಭೆ ಮಹಾನಗರಪಾಲಿಕೆಯಾಯಿತು. ಅದಕ್ಕೆ ಅನ್ವಯವಾಗುವ 1976ರ ಕಾಯಿದೆಯಂತೆ ಮೇಯರರನ್ನು ಆರಿಸುವವರು ನೇರವಾಗಿ ಪ್ರಜೆಗಳಲ್ಲ, ಸಭೆಯ ಸದಸ್ಯರು; ಅವಧಿ ಒಂದೇ ವರುಷ; ಕಾರ್ಯನಿರ್ವಹಣದ ಅಧಿಕಾರ ಸರಕಾರ ನೇಮಿಸಿದ ಆಯುಕ್ತರದು. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದ ಮೊದಲ 20 ನಗರಗಳಲ್ಲಿ ದಾವಣಗೆರೆಯೂ ಸೇರಿತ್ತು. ಆ ಹಣ ಕೇಂದ್ರ ರಾಜ್ಯಗಳದು, ಕೆಲಸಕ್ಕೆ ಪ್ರತ್ಯೇಕ ಕಂಪನಿ. ಕಾಮಗಾರಿ ಮುಗಿಯುವ ಹೊತ್ತಿಗೆ ಗೌನು ತೊಟ್ಟಿದ್ದವರ ಹೆಸರು ಶಿಲಾಫಲಕವನ್ನೇರಿದರೆ ಅದು ಕಾಕತಾಳೀಯ.

ಹಾಗೆಂದು ಮೇಯರರನ್ನು ಸುಮ್ಮನೆ ಬಿಟ್ಟುಬಿಡುವುದೂ ಸಲ್ಲದು. ಆಯವ್ಯಯವನ್ನು ಒಪ್ಪುವ ಸಭೆಗೆ ಅವರೇ ಅಧ್ಯಕ್ಷರು. ಚರಂಡಿಗೆಂದಿಟ್ಟ ಹಣ ಬೇರೆಡೆಗೆ ಹರಿದಾಗ ಬಾಯಿ ತೆರೆದರೇ, ತಮ್ಮದಲ್ಲದ ಕಾರ್ಯವನ್ನು ತಮ್ಮದೆಂದು ಹೇಳಿಕೊಂಡರೇ? ಇವೆರಡನ್ನು ಪರೀಕ್ಷಿಸುವುದಕ್ಕೆ ಒಂದು ವರುಷ ಧಾರಾಳವಾಗಿ ಸಾಕು.

ಇನ್ನು ಭವಿಷ್ಯದ ಮಾತು. ಗಿರಣಿ ಕಾರ್ಮಿಕರ ನಾಯಕರಾದ ಪಂಪಾಪತಿಯವರು ನಗರಸಭೆಯ ಅಧ್ಯಕ್ಷರಾಗಿದ್ದಾಗ ಹಾಕಿಸಿದ ಸಿಮೆಂಟು ರಸ್ತೆಗಳನ್ನು ದಾವಣಗೆರೆಯವರು ಮರೆತಿಲ್ಲ. ಅವರು ಕಮ್ಯುನಿಸ್ಟ್ ಪಕ್ಷದಿಂದ 1978, 1983, 1985ರಲ್ಲಿ ವಿಧಾನಸಭೆಗೆ ಆರಿಸಿಬಂದರು. 1989ರಲ್ಲಿ ಆ ಸ್ಥಾನ ಕಾಂಗ್ರೆಸ್ಸಿನ ಪಾಲಾಯಿತು. ಆ ಮೂರು ಗೆಲುವುಗಳಿಂದ ರಸ್ತೆ ಹೆಚ್ಚು ಗಟ್ಟಿಯಾಗಲಿಲ್ಲ, ಸ್ಥಾನ ಕೈತಪ್ಪಿದುದರಿಂದ ಬಿರಿಯಲೂ ಇಲ್ಲ. ಹಾಗೆಯೇ ಊರಿನ ಹತ್ತಿ ಗಿರಣಿಗಳು ಮುಚ್ಚಿದ ನಷ್ಟವನ್ನು ಯಾವ ಪೌರಾಧ್ಯಕ್ಷರ ತಲೆಗೂ ಕಟ್ಟಲಾಗದು. ಮತ ಬೀಳುವುದಕ್ಕೆ ಜಾತಿ, ಹಣ, ಪಕ್ಷದ ಗಾಳಿ ಎಂದು ಕಾರಣಗಳು ಹಲವು. ಅವುಗಳಲ್ಲಿ ಒಳ್ಳೆಯ ಕೆಲಸವೂ ಒಂದು, ಅಷ್ಟೆ.

ಜಗುಲಿಯ ಮಹನೀಯರು ಮುಂದಿನ ಚುನಾವಣೆಯ ಜಾತಕವನ್ನು ಬದಿಗಿಟ್ಟು, ಆ ವರುಷದ ಸಭಾನಡವಳಿಯ ಪ್ರತಿಯನ್ನು ತರಿಸಿ ಓದಬಹುದು. 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಅದಕ್ಕೆ 10 ರೂಪಾಯಿ ಶುಲ್ಕದ ಅರ್ಜಿ ಸಾಕು. ಆ ನಗರದ ಮತದಾರರಾಗಿರಬೇಕೆಂಬ ನಿಯಮವಿಲ್ಲ.